ಕರಡು ತಿದ್ದಬೇಕಾದದ್ದು ಕಿವಿಯಿಂದ

ಟೈಪಾಗಿ, ಪುಟ ಕಟ್ಟಿ, ಅಚ್ಚಾಗಿ ಬಂದ ಪುಸ್ತಕದ ಬೆನ್ನು ಕತ್ತರಿಸಿ, ಹಾಳೆ ಹಾಳೆ ಸ್ಕ್ಯಾನ್ ಮಾಡಿ, ಮತ್ತೆ ಒಂದೊಂದೇ ಅಕ್ಷರ ತಿದ್ದುತ್ತಾ ಕೂರಬೇಕಾಯಿತಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಆ ಅಕ್ಷರಗಳೆಲ್ಲ ಪ್ರಕಾಶಕರ ಕಂಪ್ಯೂಟರಿನಲ್ಲಿ ಇದ್ದೇ ಇದ್ದವು.

ನಾನು ಯಲಹಂಕ ಉಪನಗರದವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ಕಣ್ಣು ಕಾಣದವರಿಗೆ ಪುಸ್ತಕ ಸಿದ್ಧಪಡಿಸುವ ಕೆಲಸಕ್ಕೆ ಸೇರಿಕೊಂಡೆ. ಯಶವಂತಪುರದ ಪಿಜಿಯಲ್ಲಿದ್ದ ಬಿ.ಎ. ವಿದ್ಯಾರ್ಥಿನಿಯೊಬ್ಬಳಿಗೆ ಇತಿಹಾಸದ ಪುಸ್ತಕ ಬೇಕಿತ್ತು. ಪರೀಕ್ಷೆ ಹತ್ತಿರವಿತ್ತು. ಸ್ಕ್ಯಾನ್ ಮಾಡುವ ಮೊದಲು ಪ್ರಕಾಶಕರನ್ನು ಕೇಳಿ ನೋಡೋಣ ಎಂದು ಹೋದೆ.

“ಸಾಫ್ಟ್ ಕಾಪಿ ಕೊಟ್ರೆ ನಾಳೆ ವಾಟ್ಸಾಪಲ್ಲಿ ಓಡಾಡುತ್ತೆ ಮೇಡಂ. ಕಾಪಿರೈಟ್ ಅಂತ ಒಂದಿದೆ” ಎಂದರು ಅಲ್ಲಿನ ವ್ಯವಸ್ಥಾಪಕರು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದಿದೆ, 52(1)(ಝಡ್‌ಬಿ) ಕಲಂ ಪ್ರಕಾರ ಅಂಗವಿಕಲರು ಓದಬಲ್ಲ ರೂಪದಲ್ಲಿ ಲಾಭವಿಲ್ಲದೆ ಪ್ರತಿ ಮಾಡಿಕೊಡುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ ಎಂದು ವಿವರಿಸಿದೆ. ಇದೇ ವಿಷಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ನಮ್ಮ ದೇಶ ಎಂದೂ ಹೇಳಿದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾವು ಪ್ರತಿ ಮಾಡಿಕೊಳ್ಳುವುದನ್ನು ಕಾನೂನು ತಡೆಯುವುದಿಲ್ಲ ನಿಜ, ಆದರೆ ಪ್ರಕಾಶಕರು ಫೈಲು ಕೊಡಲೇಬೇಕೆಂದು ಆ ಕಲಂ ಹೇಳುವುದೂ ಇಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪಟ್ಟು ಬಿಡದೆ ಫೋನು ಮಾಡುತ್ತಲೇ ಇದ್ದೆ. ಕೊನೆಗೊಂದು ಪಿಡಿಎಫ್ ಕಳಿಸಿದರು. ಖುಷಿಯಿಂದ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಯಶವಂತಪುರಕ್ಕೆ ಓಡಿದೆ. ಆ ಹುಡುಗಿ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇಟ್ಟುಕೊಂಡಿದ್ದಳು, ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಫೈಲು ತೆರೆದಳು. ನನ್ನ ಕಣ್ಣಿಗೆ ಮುದ್ದಾದ ಕನ್ನಡ ಪುಟ, ಶೀರ್ಷಿಕೆ ದಪ್ಪಕ್ಷರದಲ್ಲಿ. ಯಂತ್ರ ಮಾತ್ರ “ಪಿ, ಎ, ಪೌಂಡ್, ಎ” ಎಂದು ಶುರು ಮಾಡಿತು. ಅವಳು ಬಾಣದ ಕೀಲಿ ಒತ್ತಿ ಮುಂದಿನ ಸಾಲಿಗೆ ಹೋದಳು, ಅಲ್ಲೂ ಅದೇ. ಮತ್ತೊಂದು ಪುಟ, ಅದೇ. ನಾನು ಸ್ಪೀಕರ್ ಕೆಟ್ಟಿದೆಯೇನೋ ಎಂದು ಕೇಳಿದೆ.

“ಇಲ್ಲ ಮಿಸ್, ಇದು ಹಳೇ ನುಡಿ ಫಾಂಟು. ನಮಗೆ ಬರೋದೆಲ್ಲ ಹೀಗೇ” ಎಂದಳು. ಬೇಸರವೂ ಇರಲಿಲ್ಲ ಆ ದನಿಯಲ್ಲಿ. ಅದನ್ನೇ ನನಗೆ ತಡೆಯಲಾಗಲಿಲ್ಲ. ಪರೀಕ್ಷೆ ಅವಳದ್ದು, ಸಮಾಧಾನ ಹೇಳುತ್ತಿದ್ದವಳೂ ಅವಳೇ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫಾಂಟುಗಳಲ್ಲಿ ‘ಕನ್ನಡ’ ಎಂದು ಕಾಣುವ ಪದದ ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ಕ್ಯೂ ಮತ್ತು ಪೌಂಡಿನ ಗುರುತು. ಕಾಣುವವರಿಗೆ ವೇಷ ಸಾಕು, ಕೇಳುವವರಿಗೆ ಏನೂ ಇಲ್ಲ. ಮೂಲ ಪೇಜ್‌ಮೇಕರ್ ಫೈಲು ಕೊಟ್ಟಿದ್ದರೆ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಸಂಜೆಯೊಳಗೆ ಮುಗಿಯುತ್ತಿತ್ತು. ಪಿಡಿಎಫಿನಿಂದ ಎತ್ತಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮತ್ತೆ ಫೋನು ಮಾಡಿದೆ. “ಕೊಟ್ಟಿದ್ದೀವಲ್ಲ ಮೇಡಂ” ಎಂದು ಇಟ್ಟುಬಿಟ್ಟರು.

ಅಂಗಡಿಯಿಂದ ಒಂದು ಪ್ರತಿ ಕೊಂಡು, ಆರ್.ಟಿ. ನಗರದ ಬೈಂಡಿಂಗ್ ಅಂಗಡಿಯಲ್ಲಿ ಬೆನ್ನು ಕತ್ತರಿಸಿಕೊಂಡು ಬಂದೆ. 300 ಡಿಪಿಐನಲ್ಲಿ ಸ್ಕ್ಯಾನ್, ಆಮೇಲೆ ಓಸಿಆರ್, ಅಂದರೆ ಪುಟದ ಚಿತ್ರದಿಂದ ಅಕ್ಷರಗಳನ್ನು ಯಂತ್ರವೇ ಗುರುತಿಸಿ ಎತ್ತುವುದು. ನನ್ನ ತಮ್ಮ ಸಾಫ್ಟ್‌ವೇರಿನವನು. “ಗೂಗಲ್ಲೇ ಮಾಡುತ್ತಲ್ಲಕ್ಕ, ನೀನ್ಯಾಕೆ ಕಣ್ಣು ಹಾಳು ಮಾಡ್ಕೋತೀಯ?” ಎಂದ. ಅವನು ಒಂದು ಪುಟ ಕೂತು ತಿದ್ದಿದ್ದರೆ ಆ ಮಾತು ಆಡುತ್ತಿರಲಿಲ್ಲ. ಕನ್ನಡದ ಓಸಿಆರ್ ಬಹಳ ಸುಧಾರಿಸಿದೆ, ಸುಳ್ಳಲ್ಲ. ಯಶವಂತಪುರದ ಪಕ್ಕದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಓಸಿಆರನ್ನು ಹಳಗನ್ನಡದ ಪುಟಗಳನ್ನೂ ಸೇರಿಸಿ ಪಳಗಿಸಿದೆ. ಆದರೂ ಉಳಿದ ತಪ್ಪು ಹಿಡಿಯಲು ಮನುಷ್ಯರೇ ಬೇಕು.

ಅರ್ಕಾವೊತ್ತನ್ನೇ ನೋಡಿ. ಅಚ್ಚಿನಲ್ಲಿ ಅದು ಕನ್ನಡದ ಒಂಬತ್ತರ ಹಾಗೇ ಇರುತ್ತದೆ. ‘ಕರ್ನಾಟಕ’ವನ್ನು ಯಂತ್ರ ‘ಕನಾ೯ಟಕ’ ಎಂದು ಎತ್ತಿಕೊಂಡಿತ್ತು. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ನಾಲ್ಕು ಸಲ ಓದಿದರೂ ದಾಟಿ ಹೋಗುತ್ತೀರಿ. ಕೇಳಿದರೆ ನಾಡಿನ ಹೆಸರಿನ ನಡುವೆ ‘ಒಂಬತ್ತು’ ಎನ್ನುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತರೂ ಇದೇ ಪಾಡು. ಹಾಗಾಗಿ ನಾನು ಕಿವಿಗೆ ಇಯರ್‌ಫೋನು ಹಾಕಿ, ಎನ್‌ವಿಡಿಎ ಓದಿದ್ದನ್ನು ಕೇಳುತ್ತಾ ತಿದ್ದತೊಡಗಿದೆ. ಮೇಷ್ಟ್ರ ಕಣ್ಣು ಎಷ್ಟು ಪಳಗಿದ್ದರೂ ಇಲ್ಲಿ ಸಾಲದು, ಪಳಗಿದಷ್ಟೂ ತಪ್ಪನ್ನು ಒಳಗೊಳಗೇ ಸರಿಮಾಡಿಕೊಂಡು ಓದುತ್ತದೆ.

ಇಸವಿಗಳಿಗೆ ಮಾತ್ರ ಕಿವಿ ಬೇಡ. ಟಿಪ್ಪು ಮಡಿದ ೧೭೯೯ ಎಂಬಲ್ಲಿ ಏಳು ಹೋಗಿ ಆರು ಬಂದಿತ್ತು. ಕೇಳಿದರೆ ಏನೂ ಅನುಮಾನ ಬರುವುದಿಲ್ಲ, ಓದಿದ ಹುಡುಗಿ ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾಳೆ. ನೀವೂ ಈ ಕೆಲಸಕ್ಕೆ ಕೂತರೆ ಅಂಕಿಗಳನ್ನೆಲ್ಲ ಅಚ್ಚಿನ ಪುಟ ಪಕ್ಕದಲ್ಲಿಟ್ಟುಕೊಂಡು ನೋಡಿ.

ಇನ್ನು ಸಣ್ಣಪುಟ್ಟವು. ಅಧ್ಯಾಯಗಳಿಗೆ ವರ್ಡಿನ ‘ಹೆಡಿಂಗ್’ ಶೈಲಿಯನ್ನೇ ಹಾಕಿ, ಬರಿದೆ ದಪ್ಪ ಮಾಡಬೇಡಿ. ಹೆಡಿಂಗ್ ಇದ್ದರೆ ಒಂದೇ ಕೀಲಿಯಲ್ಲಿ ಮುಂದಿನ ಅಧ್ಯಾಯಕ್ಕೆ ಹೋಗಬಹುದು. ಪುಟದ ತಲೆಯಲ್ಲಿ ಮತ್ತೆ ಮತ್ತೆ ಬರುವ ಪುಸ್ತಕದ ಹೆಸರು ತೆಗೆಯಿರಿ, ಪುಟಸಂಖ್ಯೆ ಉಳಿಸಿ. ಮೊದಲ ಪುಟದಿಂದಲೇ ಶುರು ಮಾಡಬೇಕೆಂದಿಲ್ಲ, ಯಾವ ಅಧ್ಯಾಯ ಮೊದಲು ಬೇಕೆಂದು ಓದುವವರನ್ನೇ ಕೇಳಿ. ನಮ್ಮ ಹುಡುಗಿ ಪಟ್ಟಿ ಕೊಟ್ಟಳು, ಅದೇ ಕ್ರಮದಲ್ಲಿ ಕಳಿಸುತ್ತಾ ಹೋದೆ, ಪರೀಕ್ಷೆಗೆ ಮುನ್ನ ಬೇಕಾದದ್ದೆಲ್ಲ ಅವಳ ಕೈ ಸೇರಿತು. ಮುಗಿದ ಪುಸ್ತಕ ನಿಮ್ಮ ಲ್ಯಾಪ್‌ಟಾಪಿನಲ್ಲೇ ಕೂರಬಾರದು. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವಿದೆ. ಅದರ ಸದಸ್ಯ ಸಂಸ್ಥೆಯೊಂದರ ಮೂಲಕ ಸೇರಿಸಿದರೆ ಬೀದರಿನ ಓದುಗರಿಗೂ ಸಿಗುತ್ತದೆ, ಇನ್ನೊಬ್ಬರು ಅದೇ ಪುಸ್ತಕದ ಬೆನ್ನು ಕತ್ತರಿಸುವುದು ತಪ್ಪುತ್ತದೆ.

ಅದೇ ಪ್ರಕಾಶಕರು ಪುಸ್ತಕದ ಎರಡನೆಯ ಭಾಗ ತರುತ್ತಾರಂತೆ. ಅಚ್ಚಿಗೆ ಹೋಗುವ ಮೊದಲೇ ಯೂನಿಕೋಡ್ ಪ್ರತಿ ಕೇಳಿ ಪತ್ರ ಹಾಕಿದ್ದೇನೆ. ಜೊತೆಗೆ ಕಲಂ 52ರ ಜೆರಾಕ್ಸನ್ನೂ ಇಟ್ಟಿದ್ದೇನೆ. ಉತ್ತರ ಬರುವವರೆಗೂ ಕೇಳುತ್ತಲೇ ಇರುತ್ತೇನೆ.