ಇಪ್ಪತ್ತು ಸೆಕೆಂಡಿನ ಬೆಂಕಿ, ಒಂದು ಗಂಟೆಯ ಶಿಸ್ತು: ರೈಲು ಹಳಿಗೆ ಥರ್ಮಿಟ್ ಬೆಸುಗೆ ಹೀಗೆ

ತುಮಕೂರು, ಗುಬ್ಬಿ ದಾಟಿ ಅರಸೀಕೆರೆಗೆ ಹೋಗುವ ಮಾರ್ಗದಲ್ಲಾಗಲಿ, 2017ರಲ್ಲಿ ಕುಣಿಗಲ್ ಮೂಲಕ ಹಾಸನಕ್ಕೆ ಸಂಚಾರ ಆರಂಭವಾದ ಮಾರ್ಗದಲ್ಲಾಗಲಿ, ಹಳೆಯ ಕಾಲದ ಟಕಟಕ ಸದ್ದು ಈಗ ಅಷ್ಟಾಗಿ ಕೇಳಿಸದು. ಹಿಂದೆ ಹಳಿಗಳನ್ನು ಫಿಶ್ ಪ್ಲೇಟ್ ಮತ್ತು ಬೋಲ್ಟುಗಳಿಂದ ಜೋಡಿಸಿ ನಡುವೆ ಸಂದು ಬಿಡುತ್ತಿದ್ದರು. ಚಕ್ರ ದಾಟಿದಾಗಲೆಲ್ಲ ಹಳಿಯ ತುದಿಗೆ ಪೆಟ್ಟು ಬೀಳುತ್ತಿತ್ತು. ಈಗ ಹಲವು ಹಳಿಗಳನ್ನು ಯಂತ್ರದಲ್ಲಿ ವಿದ್ಯುತ್ ಬೆಸುಗೆ ಹಾಕಿ, 260 ಮೀಟರಿನ ಒಂದೇ ಹಳಿಯಾಗಿ ಮಾರ್ಗಕ್ಕೆ ತರುವುದು ರೂಢಿ. ಅವನ್ನು ಸ್ಥಳದಲ್ಲೇ ಒಂದಕ್ಕೊಂದು ಸೇರಿಸಲು, ಬಿರುಕು ಬಿಟ್ಟ ತುಂಡನ್ನು ತೆಗೆದು ಹೊಸದು ಕೂರಿಸಲು ನೆರವಾಗುವುದು ಥರ್ಮಿಟ್ ಬೆಸುಗೆ. ರೈಲ್ವೆಯವರು ಇದನ್ನು ಎ.ಟಿ. (ಅಲ್ಯೂಮಿನೊ-ಥರ್ಮಿಕ್) ವೆಲ್ಡಿಂಗ್ ಎನ್ನುತ್ತಾರೆ. ನೋಡುವವರ ಕಣ್ಣು ಅದರ ಬೆಂಕಿಯ ಮೇಲಿರುತ್ತದೆ. ಆದರೆ ಬೆಸುಗೆ ಗಟ್ಟಿಯೋ ಟೊಳ್ಳೋ ಎಂಬುದು ಬೆಂಕಿ ಹೊತ್ತುವ ಮುಂಚಿನ ಮತ್ತು ಆರಿದ ನಂತರದ ಕೆಲಸದಲ್ಲಿ ತೀರ್ಮಾನವಾಗುತ್ತದೆ.

ಇದರ ತತ್ತ್ವ ಸರಳ. ಕಬ್ಬಿಣದ ಆಕ್ಸೈಡ್ ಎಂದರೆ ತುಕ್ಕಿನ ಜಾತಿಯ ಪುಡಿ. ಅದರ ಮೂರು ಪಾಲಿಗೆ ಸುಮಾರು ಒಂದು ಪಾಲು ಅಲ್ಯೂಮಿನಿಯಂ ಪುಡಿ ಬೆರೆಸಿ ಹೊತ್ತಿಸಿದರೆ, ಅಲ್ಯೂಮಿನಿಯಂ ಆ ಆಕ್ಸೈಡಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಆಗ ಹೊಮ್ಮುವ ಶಾಖ 2,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ; ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸಾಕು. ಕರಗಿದ ಉಕ್ಕು ಭಾರವಾದ್ದರಿಂದ ತಳಕ್ಕಿಳಿಯುತ್ತದೆ, ಹಗುರವಾದ ಕಿಟ್ಟ ಮೇಲೆ ತೇಲುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಹಾನ್ಸ್ ಗೋಲ್ಡ್‌ಶ್ಮಿಟ್ 1895ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1899ರಲ್ಲಿ ಎಸೆನ್ ನಗರದ ಟ್ರಾಮ್ ಹಳಿಗಳನ್ನು ಹೀಗೆ ಬೆಸೆಯಲಾಯಿತು. ಹಳಿಗೆ ಬಳಸುವ ಪುಡಿಯಲ್ಲಿ ಹಳಿಯ ಉಕ್ಕಿಗೆ ಹೊಂದುವ ಮಿಶ್ರಲೋಹಗಳೂ ಇರುತ್ತವೆ. ಆದ್ದರಿಂದ ಆಯಾ ದರ್ಜೆಯ ಹಳಿಗೆ ಅದರದೇ ಪೊಟ್ಟಣ ಬಳಸಬೇಕು.

ಮೊದಲ ಹಂತ: ಸಿದ್ಧತೆ. ರೈಲು ಸಂಚಾರ ನಿಲ್ಲಿಸಿ ಬ್ಲಾಕ್ ಪಡೆದ ಮೇಲೆ ಹಳಿಯ ತುದಿಗಳನ್ನು ನೇರವಾಗಿ ಕತ್ತರಿಸಿ, ತುಕ್ಕು, ಎಣ್ಣೆ, ಜಿಡ್ಡು ಹೋಗುವಂತೆ ಉಜ್ಜುತ್ತಾರೆ. ಸಾಮಾನ್ಯ ವಿಧಾನದಲ್ಲಿ ತುದಿಗಳ ನಡುವೆ 25 ಮಿಲಿಮೀಟರ್ ಸಂದು ಇರಬೇಕು. ಒಂದು ಮೀಟರಿನ ಉಕ್ಕಿನ ಪಟ್ಟಿ ಇಟ್ಟು ಎರಡೂ ಹಳಿಗಳನ್ನು ಸಾಲಿಗೆ ತಂದು, ಸಂದಿನ ಬಳಿ ತುಸು ಎತ್ತರಿಸುತ್ತಾರೆ, ಏಕೆಂದರೆ ಆರುವಾಗ ಆ ಜಾಗ ತಗ್ಗುತ್ತದೆ. ನಂತರ ಮರಳಿನ ಅಚ್ಚು ಕೂರಿಸಿ, ಅಂಚುಗಳನ್ನು ಹಸಿ ಮಣ್ಣಿನ ಮೆತ್ತೆಯಿಂದ ಮುಚ್ಚುತ್ತಾರೆ.

ಎರಡನೆಯ ಹಂತ: ಕಾಯಿಸುವುದು ಮತ್ತು ಎರೆಯುವುದು. ಅಚ್ಚಿನೊಳಗೆ ಬರ್ನರ್ ಇಳಿಸಿ ಹಳಿಯ ತುದಿಗಳನ್ನು ಸುಮಾರು 600 ಡಿಗ್ರಿಗೆ ಕಾಯಿಸುತ್ತಾರೆ. ತಣ್ಣನೆಯ ಹಳಿಗೆ ಕರಗಿದ ಉಕ್ಕು ಬಿದ್ದರೆ ಒಳಗೆ ಬೆರೆಯದೆ ಮೇಲೆ ಅಂಟಿಕೊಳ್ಳುತ್ತದಷ್ಟೆ. ಆಮೇಲೆ ಮೇಲಿಟ್ಟ ಮೂಸೆಯಲ್ಲಿನ ಪುಡಿಗೆ, ದೀಪಾವಳಿಯ ಸುರುಸುರುಬತ್ತಿಯಂಥದ್ದೇ ಒಂದು ಕಡ್ಡಿಯಿಂದ ಬೆಂಕಿ ಕೊಡುತ್ತಾರೆ. ಸುಮಾರು 20 ಸೆಕೆಂಡಿನಲ್ಲಿ ಪ್ರತಿಕ್ರಿಯೆ ಮುಗಿದು, ಬಿಳಿಕಾವಿನ ಉಕ್ಕು ಮೂಸೆಯ ತಳದಿಂದ ಅಚ್ಚಿಗಿಳಿಯುತ್ತದೆ.

ಮೂರನೆಯ ಹಂತ: ಆರಿಸುವುದು ಮತ್ತು ಪರೀಕ್ಷೆ. ನಾಲ್ಕೈದು ನಿಮಿಷದ ಬಳಿಕ ಅಚ್ಚು ಬಿಡಿಸಿ, ಇನ್ನೂ ಕೆಂಪಗಿರುವ ಹೆಚ್ಚುವರಿ ಲೋಹವನ್ನು ಕತ್ತರಿಸುತ್ತಾರೆ. ಎರೆದು ಅರ್ಧ ಗಂಟೆಯಾಗದೆ ಅದರ ಮೇಲೆ ರೈಲು ಬಿಡಬಾರದು. ಬಳಿಕ ಉಜ್ಜಿ ನಯಗೊಳಿಸಿ, ಶ್ರವಣಾತೀತ ತರಂಗದಿಂದ ಒಳಗಿನ ಗುಳ್ಳೆ, ಬಿರುಕುಗಳನ್ನು ಹುಡುಕುತ್ತಾರೆ. ಪ್ರತಿ ಬೆಸುಗೆಯ ಪಕ್ಕ ಅದರ ಸಂಖ್ಯೆ, ತಿಂಗಳು, ವರ್ಷ, ವೆಲ್ಡರನ ಗುರುತು ಇರುತ್ತವೆ. ಮುಂದೆ ದೋಷ ಕಂಡರೆ ಹೊಣೆ ಯಾರದೆಂದು ಹಳಿಯೇ ಹೇಳುತ್ತದೆ.

ಹಳಿಯನ್ನೆಲ್ಲ ಹೀಗೆ ಬೆಸೆದುಬಿಟ್ಟರೆ ಬೇಸಿಗೆಯಲ್ಲಿ ಹಿಗ್ಗಿ ಸೊಟ್ಟಗಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 40 ಡಿಗ್ರಿ ಶಾಖ ಏರಿದರೆ 13 ಮೀಟರಿನ ಬಿಡಿ ಹಳಿ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಆದರೆ ಕಾಂಕ್ರೀಟ್ ಸ್ಲೀಪರ್, ಕ್ಲಿಪ್ಪು, ಜಲ್ಲಿ ಸೇರಿ ಉದ್ದದ ಹಳಿಯನ್ನು ಬಿಗಿಹಿಡಿಯುತ್ತವೆ. ನಡುಮಟ್ಟದ ಉಷ್ಣತೆಯಲ್ಲಿ ಹಳಿಯನ್ನು ಬಿಗಿಯುವುದರಿಂದ ಬಿಸಿಲು, ಚಳಿ ಎರಡನ್ನೂ ಅದು ತಾಳಿಕೊಳ್ಳುತ್ತದೆ. ಯಂತ್ರದ ಬೆಸುಗೆಯೇ ಹೆಚ್ಚು ಗಟ್ಟಿಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಅದು ನಿಜ, ಥರ್ಮಿಟ್ ಬೆಸುಗೆ ಎರಕದ ಲೋಹ, ದೋಷಕ್ಕೆ ಎಡೆ ಹೆಚ್ಚು. ಹಾಗಾಗಿ ಯಂತ್ರಕ್ಕೆ ಸಾಧ್ಯವಿರುವ ಕಡೆ ಯಂತ್ರವೇ ಇರಲಿ. ಆದರೆ ರಾತ್ರೋರಾತ್ರಿ ಮುರಿದ ಹಳಿಯ ಬಳಿಗೂ, ಹಳಿಗಳು ಕವಲೊಡೆಯುವ ಇಕ್ಕಟ್ಟಿನ ಜಾಗಕ್ಕೂ ಹೊತ್ತೊಯ್ಯಬಹುದಾದ ಸಾಧನವೆಂದರೆ ಈ ಮೂಸೆಯೇ. ದೋಷ ಬರುವುದು ಬಹುಮಟ್ಟಿಗೆ ತೇವ ತಗುಲಿದ ಪುಡಿಯಿಂದ, ಸಾಲದ ಕಾವಿನಿಂದ, ಅವಸರದಿಂದ. ಇವು ಮೂರೂ ಮನುಷ್ಯನ ಕೈಯಲ್ಲಿರುವಂಥವು.

ಇದನ್ನು ಮನೆಯಲ್ಲಿ ಪ್ರಯೋಗಿಸಿ ನೋಡುವ ಯೋಚನೆ ಖಂಡಿತ ಬೇಡ. ಈ ಬೆಂಕಿಯ ಆಮ್ಲಜನಕ ಅದರೊಳಗೇ ಇದೆ; ನೀರು ಸುರಿದರೆ ಆರುವ ಬದಲು ಕಾದ ಲೋಹ ಸಿಡಿಯುತ್ತದೆ. ಐ.ಟಿ.ಐ. ಮುಗಿಸಿದ ತರುಣರು ಈ ಕೆಲಸ ಕಲಿಯಬಯಸಿದರೆ ಮಾನ್ಯತೆಯುಳ್ಳ ತರಬೇತಿ ಪಡೆದು, ಅರ್ಹತಾ ಪತ್ರದೊಂದಿಗೇ ಹಳಿಗಿಳಿಯಲಿ. ಹಳಿಯ ಕೆಲಸಕ್ಕಾಗಿ ರೈಲು ಒಂದು ಗಂಟೆ ತಡವಾದರೆ ಪ್ರಯಾಣಿಕರು ಸಹಿಸಿಕೊಳ್ಳಬೇಕು. ಆ ಒಂದು ಗಂಟೆ ನಮ್ಮ ಜೀವದ ಕಾವಲಿಗೇ ಸಲ್ಲುತ್ತದೆ.