ಖಾಸಗಿ ಪಡೆಗಳು: ಸಾಲ ಯಾರದು, ತೀರಿಸಿದವರು ಯಾರು?

ಸೈನ್ಯ ಮತ್ತು ಪೊಲೀಸರ ಕೈಯಲ್ಲಿ ಬಂದೂಕು ಇರುತ್ತದೆ. ಆದರೆ ಅವರ ಮೇಲೆ ಕಾನೂನು, ನ್ಯಾಯಾಲಯ ಮತ್ತು ಚುನಾಯಿತ ಸರ್ಕಾರ ಇರುತ್ತವೆ. ಒಂದು ಪಕ್ಷವೋ ಒಬ್ಬ ನಾಯಕನೋ ತನ್ನದೇ ಸಮವಸ್ತ್ರ, ಕವಾಯತು, ಆಯುಧಗಳಿಂದ ಕಟ್ಟಿದ ಪಡೆಗೆ ಈ ಲಗಾಮು ಇರುವುದಿಲ್ಲ. "ನಮ್ಮವರೇ ಮೇಲು, ಉಳಿದವರು ಶತ್ರುಗಳು" ಎಂಬ ಉಗ್ರ ರಾಷ್ಟ್ರವಾದ ಇಂಥ ಪಡೆಯ ಜೊತೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. ಅವುಗಳಲ್ಲಿ ಒಂದು ನಮ್ಮ ರಾಜ್ಯದ ಉತ್ತರ ಜಿಲ್ಲೆಗಳದ್ದೇ ಆಗಿದೆ.

ಇಟಲಿಯಿಂದ ಹೊರಟ ಗಾಳಿ

ಮೊದಲನೇ ಮಹಾಯುದ್ಧದ ನಂತರ ಇಟಲಿಯಲ್ಲಿ ನಿರುದ್ಯೋಗ, ಬೆಲೆ ಏರಿಕೆ, ಮುಷ್ಕರಗಳು ಹೆಚ್ಚಿದವು. 1919ರ ಮಾರ್ಚ್‌ನಲ್ಲಿ ಮುಸ್ಸೋಲಿನಿ ಮಿಲಾನ್ ನಗರದಲ್ಲಿ ತನ್ನ ಸಂಘಟನೆ ಆರಂಭಿಸಿದ. ಕಪ್ಪು ಅಂಗಿ ತೊಟ್ಟ ಅವನ ಪಡೆಯವರು ಕಾರ್ಮಿಕ ಸಂಘಗಳ ಮೇಲೆ, ವಿರೋಧಿ ಪತ್ರಿಕೆಗಳ ಕಚೇರಿಗಳ ಮೇಲೆ ದಾಳಿ ಮಾಡಿದರು. ದೊಡ್ಡ ಜಮೀನುದಾರರು ಅವರಿಗೆ ಹಣ ಕೊಟ್ಟರು. 1922ರ ಅಕ್ಟೋಬರ್‌ನಲ್ಲಿ ಪಡೆ ರೋಮ್ ಕಡೆ ಹೊರಟಾಗ ರಾಜನು ತಡೆಯುವ ಬದಲು ಮುಸ್ಸೋಲಿನಿಯನ್ನೇ ಪ್ರಧಾನಿ ಮಾಡಿದ. ಜರ್ಮನಿಯಲ್ಲಿ ಹಿಟ್ಲರ್ ಕಂದು ಅಂಗಿಯ ಪಡೆ ಕಟ್ಟಿದ. ಅಧಿಕಾರ ಸಿಕ್ಕ ಮರುವರ್ಷವೇ, 1934ರ ಜೂನ್ 30ರಂದು, ಆ ಪಡೆಯ ಮುಖ್ಯಸ್ಥ ರೋಮ್ ಮತ್ತು ಅವನ ಜೊತೆಗಾರರನ್ನು ಬಂಧಿಸಿ ಕೊಲ್ಲಿಸಲು ಮುಂದಾದವನೂ ಹಿಟ್ಲರನೇ.

ಈ ಗಾಳಿ ಬೇರೆ ದೇಶಗಳಿಗೂ ಬೀಸಿತು. ಇಂಗ್ಲೆಂಡಿನಲ್ಲಿ 1932ರಲ್ಲಿ ಮೋಸ್ಲೆ ಎಂಬಾತ ಕಪ್ಪು ಅಂಗಿಯ ಪಕ್ಷ ಕಟ್ಟಿದ. ಭಾರತದಿಂದ ಹಿಂದೂ ಮಹಾಸಭಾದ ನಾಯಕ ಡಾ. ಬಿ.ಎಸ್. ಮೂಂಜೆ 1931ರ ಮಾರ್ಚ್‌ನಲ್ಲಿ ರೋಮ್‌ಗೆ ಹೋಗಿ ಮುಸ್ಸೋಲಿನಿಯನ್ನು ಕಂಡರು, ಅಲ್ಲಿನ ಬಾಲಕರ ಸೈನಿಕ ತರಬೇತಿಯನ್ನು ಮೆಚ್ಚಿ ದಿನಚರಿಯಲ್ಲಿ ಬರೆದರು. ಅದೇ ವರ್ಷ ಲಾಹೋರಿನಲ್ಲಿ ಅಲ್ಲಾಮಾ ಮಶ್ರಿಖಿ ಅವರು ಖಾಕಿ ಸಮವಸ್ತ್ರದ, ಹೆಗಲ ಮೇಲೆ ಸಲಿಕೆ ಹೊತ್ತು ಕವಾಯತು ಮಾಡುವ ಖಾಕ್ಸಾರ್ ಚಳವಳಿ ಆರಂಭಿಸಿದರು. ಸಮವಸ್ತ್ರದ ಮೋಹ ಒಂದೇ ಧರ್ಮದ ಮನೆಗೆ ಬರಲಿಲ್ಲ.

ಹೈದರಾಬಾದಿನ ರಜಾಕಾರರು

ನಮ್ಮ ಮನೆಯ ಮಾತು ಉರ್ದು. ಉರ್ದುವಿನಲ್ಲಿ 'ರಜಾಕಾರ್' ಎಂದರೆ ಸ್ವಯಂಸೇವಕ, ಅಷ್ಟೇ. ಆದರೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಆ ಪದ ಕೇಳಿದರೆ ಜನರಿಗೆ ನೆನಪಾಗುವುದು ಬೇರೆ.

ಈ ಜಿಲ್ಲೆಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು, ಆಡಳಿತಗಾರ ಮುಸ್ಲಿಂ. 1947ರಲ್ಲಿ ನಿಜಾಮರು ಭಾರತಕ್ಕೂ ಸೇರದೆ ಪಾಕಿಸ್ತಾನಕ್ಕೂ ಸೇರದೆ ಉಳಿದರು. ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಅಧ್ಯಕ್ಷ, ಲಾತೂರಿನ ವಕೀಲ ಖಾಸಿಂ ರಜ್ವಿ, ಸಂಸ್ಥಾನ ಸ್ವತಂತ್ರವಾಗಿಯೇ ಇರಬೇಕೆಂದು ರಜಾಕಾರರ ಪಡೆಯನ್ನು ಬೆಳೆಸಿದ. ಹಳ್ಳಿಗಳಲ್ಲಿ ಲೂಟಿ, ಬೆಂಕಿ, ಕೊಲೆಗಳು ನಡೆದವು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಜನ ಇನ್ನೂ ಮರೆತಿಲ್ಲ. ಸಾವಿರಾರು ಜನ ಗಡಿ ದಾಟಿ ಬಂದರು.

ಇದಕ್ಕೂ ಹೊರದೇಶದ ನಂಟು ಇತ್ತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕ ಕರಾಚಿಯಿಂದ ವಿಮಾನಗಳಲ್ಲಿ ಆಯುಧಗಳನ್ನು ಸಂಸ್ಥಾನಕ್ಕೆ ತಂದಿಳಿಸಿದ. ನಿಜಾಮರ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ದೂರು ಕೊಟ್ಟಿತು.

ರಜಾಕಾರರನ್ನು ಎದುರಿಸಿದವರಲ್ಲಿ ಮುಸ್ಲಿಮರೂ ಇದ್ದರು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದರು. 1948ರ ಆಗಸ್ಟ್‌ನಲ್ಲಿ ರಾತ್ರಿ ಕಚೇರಿಯಿಂದ ಮನೆಗೆ ಮರಳುವಾಗ ಅವರನ್ನು ಕೊಂದು, ಕೈ ಕತ್ತರಿಸಿದರು. 'ನಮ್ಮ ಕೌಮಿನ ರಕ್ಷಣೆ' ಎಂದು ಹೊರಟ ಪಡೆ ತನ್ನ ಕೌಮಿನ ಪತ್ರಕರ್ತನನ್ನೇ ಉಳಿಸಲಿಲ್ಲ.

ಲೆಕ್ಕ ನೋಡೋಣ

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 17ರಂದು ನಿಜಾಮರು ಶರಣಾದರು. ವಾಣಿಜ್ಯ ವಿಭಾಗದ ನಾವು ಸೀಮಿತ ಹೊಣೆಗಾರಿಕೆ, ಅಪರಿಮಿತ ಹೊಣೆಗಾರಿಕೆ ಎಂದು ಓದುತ್ತೇವೆ. ಸೀಮಿತ ಹೊಣೆಗಾರಿಕೆಯಲ್ಲಿ ನಷ್ಟ ಹಾಕಿದ ಬಂಡವಾಳಕ್ಕೆ ಮುಗಿಯುತ್ತದೆ. ಅಪರಿಮಿತವಾದರೆ ಮನೆಮಠವೂ ಹೋಗಬಹುದು. ಇಲ್ಲಿ ಯಾರ ಹೊಣೆ ಎಷ್ಟಾಯಿತು?

ರಜ್ವಿ 1957ರವರೆಗೆ ಜೈಲಿನಲ್ಲಿದ್ದು, ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಕಾಟನ್‌ಗೆ ಲಂಡನ್‌ನಲ್ಲಿ 200 ಪೌಂಡ್ ದಂಡ ಬಿತ್ತು. ನಿಜಾಮರು 1950ರಲ್ಲಿ ರಾಜಪ್ರಮುಖರಾದರು.

ಹಳ್ಳಿಯ ಜನರದು ಅಪರಿಮಿತ. ಮೊದಲು ರಜಾಕಾರರಿಂದ ಹಿಂದೂಗಳು ಸತ್ತರು. ಸೈನ್ಯ ಬಂದ ಮೇಲೆ ಸೇಡಿಗೆ ಸಿಕ್ಕವರು, ಪಡೆಯಲ್ಲಿ ಎಂದೂ ಇರದ ಬಡ ಮುಸ್ಲಿಮರು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ, ಸತ್ತವರ ಸಂಖ್ಯೆ ಕಡಿಮೆ ಎಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಸೇರಿದ್ದವು. ಅನೇಕ ಕಡೆ ಹಿಂದೂಗಳು ತಮ್ಮ ಜೀವ ಪಣಕ್ಕಿಟ್ಟು ನೆರೆಯ ಮುಸ್ಲಿಮರನ್ನು ಉಳಿಸಿದ್ದನ್ನೂ ಅದೇ ವರದಿ ದಾಖಲಿಸಿದೆ. ಎರಡು ನೋವುಗಳಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಹೀಗೆ ಅರ್ಧ ಹೇಳಿದ ಕತೆಯಿಂದಲೇ ಮುಂದಿನ ಪಡೆಗೆ ಜನ ಸಿಗುತ್ತಾರೆ.

ನಮ್ಮ ಸಮೀಪದ ಇನ್ನೊಂದು ದಾರಿ

ಯುವಕರು ಶಿಸ್ತಿನಿಂದ ಒಟ್ಟಾಗುವುದೇ ತಪ್ಪೇ? ಅಲ್ಲ. ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಅಲ್ಲೂ ಸಮವಸ್ತ್ರ, ಕವಾಯತು ಇದ್ದವು. ಆಯುಧ ಇರಲಿಲ್ಲ, ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿತ್ತು. ಹಿಡಕಲ್‌ಗೆ ಹತ್ತಿರದ ಘಟಪ್ರಭಾದ ಕರ್ನಾಟಕ ಆರೋಗ್ಯಧಾಮವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ನಮ್ಮ ಸಂವಿಧಾನದ 19ನೇ ವಿಧಿಯೂ ಇದನ್ನೇ ಹೇಳುತ್ತದೆ: ಶಾಂತಿಯಿಂದ, ಆಯುಧವಿಲ್ಲದೆ ಸೇರುವುದು ನಾಗರಿಕರ ಹಕ್ಕು.

ಯಾರಾದರೂ ನಮ್ಮನ್ನು ಯಾವುದೇ ಪಡೆಗೆ ಕರೆದರೆ ಮೂರು ಪ್ರಶ್ನೆ ಕೇಳಬೇಕು. ಇದರ ಖರ್ಚು ಕೊಡುವವರು ಯಾರು? ನಾಯಕನನ್ನು ಪ್ರಶ್ನಿಸಲು ಅವಕಾಶ ಇದೆಯೇ? ಕೆಟ್ಟದ್ದಾದರೆ ಬೆಲೆ ತೆರುವವರು ಅವರೋ, ನಮ್ಮ ಓಣಿಯ ಜನರೋ? ಸ್ಪಷ್ಟ ಉತ್ತರ ಸಿಗದಿದ್ದರೆ ಅಲ್ಲಿ ಸಹಿ ಹಾಕಬಾರದು.