ದನಿಯ ಬುತ್ತಿ

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯುಂಟು. ಆದರೆ 1877ರಲ್ಲಿ ಥಾಮಸ್ ಆಲ್ವಾ ಎಡಿಸನ್ನನು ರೂಪಿಸಿದ ಫೋನೋಗ್ರಾಫ್ ಯಂತ್ರವು ಆಡಿದ ಮಾತನ್ನು ಹಿಡಿದಿಟ್ಟು ಮರಳಿ ಕೇಳಿಸಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಹೊರತಂದ ಕ್ಯಾಸೆಟ್ಟು ಈ ಸೌಲಭ್ಯವನ್ನು ಕ್ರಮೇಣ ಸಾಮಾನ್ಯರ ಮನೆಗೂ ತಲುಪಿಸಿತು. ಅಜ್ಜಿಯ ಬೀಸುವ ಪದ, ಮಗುವಿನ ತೊದಲ್ನುಡಿ, ಮದುವೆಯ ಸೋಬಾನೆ ಅದರ ಸುರುಳಿಯಲ್ಲಿ ನೆಲೆಸಿದುವು.

ಕ್ಯಾಸೆಟ್ಟಿನ ಪಟ್ಟಿಗೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನ ತೆಳುವಾದ ಲೇಪವಿರುತ್ತದೆ. ಧ್ವನಿಯು ವಿದ್ಯುತ್ತಿನ ಏರಿಳಿತವಾಗಿ, ಅದು ಕಾಂತತ್ವದ ಏರಿಳಿತವಾಗಿ ಆ ಕಣಗಳಲ್ಲಿ ಅಚ್ಚೊತ್ತುತ್ತದೆ. ತೇವ, ಶಾಖ, ಬೂಷ್ಟುಗಳಿಂದ ಪಟ್ಟಿಯು ಕೆಡುವುದು. ಆದುದರಿಂದ ಅದನ್ನು ಗಣಕಯಂತ್ರಕ್ಕೆ ಪ್ರತಿ ಮಾಡಿಕೊಳ್ಳುವುದೇ ಮೊದಲ ಕಾರ್ಯ.

ಹಿಂದೆ ಸಂಕಲನಕಾರರು ಸುರುಳಿಯ ಪಟ್ಟಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಇಂದು ಮೂಲವನ್ನು ಹಾಗೆಯೇ ಉಳಿಸಿ ಪ್ರತಿಯನ್ನು ತಿದ್ದಬಹುದು. ಸೌಕರ್ಯವು ಹೆಚ್ಚಿದಂತೆ ವಿವೇಕವೂ ಹೆಚ್ಚಬೇಕು. ಯಂತ್ರದ ಗೊರಗೊರ ಸದ್ದನ್ನು ತಗ್ಗಿಸುವುದು ಉಚಿತವೇ. ಆದರೆ ಅಜ್ಜಿಯು ಪದ ಮರೆತು ತಡೆದ ಗಳಿಗೆಯನ್ನೂ, ನಡುವೆ ಕರುವನ್ನು ಗದರಿದ ದನಿಯನ್ನೂ ತೆಗೆದುಹಾಕಿದರೆ ಹಾಡು ನಯವಾದೀತು, ಅಜ್ಜಿ ಮರೆಯಾದಾಳು. ಮಾತಿನ ಹಿಂದುಮುಂದನ್ನು ಕತ್ತರಿಸಿದರಂತೂ ಅರ್ಥವೇ ತಿರುಚಿಹೋದೀತು.

ಮನೆಯವರನ್ನು ನಂಬಿ ನುಡಿದ ಮಾತನ್ನು, ನುಡಿದವರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ಹಂಚುವುದು ಸಲ್ಲದು. ಹಿಂದೆ ಕ್ಯಾಸೆಟ್ಟು ಕೈಯಿಂದ ಕೈಗೆ ಸಾಗುತ್ತಿತ್ತು. ಇಂದು ದನಿಯು ಕ್ಷಣಮಾತ್ರದಲ್ಲಿ ನೂರಾರು ಫೋನುಗಳನ್ನು ಸೇರುತ್ತದೆ. ಹಾಗೆ ಹರಡಿದುದನ್ನು ಮರಳಿ ಕೂಡಿಹಾಕಲಾಗದು. ಮಾತನ್ನು ಹಿಡಿದಿಡುವ ಯಂತ್ರಗಳು ಎಷ್ಟು ಬಂದರೂ ಗಾದೆಯು ಸುಳ್ಳಾಗಲಿಲ್ಲ.